ಕಸ್ತೂರಿ ತುಂಬಿಸಿದ ನೀರು

೨೦ ಅಕ್ಟೋಬರ್, ರವಿವಾರ

ಬೆಳಿಗ್ಗೆ ಪೂಜೆಗೆ ಕುಳಿತಿದ್ದೆ. ಆರೋಗ್ಯ ಇಲಾಖೆಯ ರೇಣುಕಾ ಎಂಬಾಕೆ ಪ್ಲಾಸ್ಟಿಕ್ ಚೀಲದಲ್ಲಿ ಮೀನು ತೂಗಾಡಿಸುತ್ತ ಅಂಗಳಕ್ಕೆ ಬಂದಳು. ಲಿಂಗಾಯತರ ಮನೆಗೆ, ವಿಭೂತಿ ಹಚ್ಚಿಕೊಳ್ಳುವ ಹೊತ್ತಿಗೆ, ಜೀವಂತ ಮೀನು! ಸರಕಾರಕ್ಕೆ ಕಣ್ಣಿಲ್ಲ ಎಂದು ಗೊತ್ತಿತ್ತು. ಮೂಗೂ ಇಲ್ಲವೆಂದು ಇವತ್ತು ಗೊತ್ತಾಯಿತು.

"ಕಾಕಾ, ಗಪ್ಪಿ ಮೀನ್ರಿ ಇವು. ಟಾಕ್ಯಾಗ ಬಿಟ್ರ ಗುಂಗಾಡಿ ಮರಿ ತಿಂದ ಹಾಕ್ತಾವ. ಪ್ಯಾಟ್ಯಾಗ ಡೆಂಗಿ ಜಗ್ಗಿ ಆಗೇತ್ರಿ."

"ನಮ್ಮ ಮನ್ಯಾಗ ಯಾರೂ ಮೀನ ತಿನ್ನೂದಿಲ್ಲ. ತಗೊಂಡ ಹೋಗವಾ."

ಅಂಗಳದ ಆಚೆ ಬದಿಗೆ ಬಟ್ಟೆ ಒಣಹಾಕುತ್ತಿದ್ದ ಹಸೀನಾ ನಕ್ಕಳು. ನಮ್ಮಿಬ್ಬರ ಮನೆಗೂ ಅಂಗಳ ಒಂದೇ. ನನ್ನ ಬಾಯಿಗೂ ಅವಳ ಕಿವಿಗೂ ನಡುವೆ ಗೋಡೆ ಕಟ್ಟಿಸಬೇಕೆಂದು ನಮ್ಮಪ್ಪನಿಗೂ ಹೊಳೆಯಲಿಲ್ಲ, ಅವಳ ಮಾವನಿಗೂ ಹೊಳೆಯಲಿಲ್ಲ.

"ಯಲಗೂರಪ್ಪಣ್ಣ, ನೀವು ಮೀನ ತಿನ್ನಬ್ಯಾಡ್ರಿ. ಮೀನ ತಿನ್ನೂದು ನೋಡ್ರಿ, ಸಾಕು."

"ನೋಡಿದ್ರೂ ಪಾಪನ."

ರೇಣುಕಾ ನನ್ನನ್ನು ಕೇಳದೆ ಕಲ್ಲಿನ ಟಾಕಿಯ ತಗಡು ಸರಿಸಿ ಬ್ಯಾಟರಿ ಬಿಟ್ಟಳು. ಸೊಳ್ಳೆಯ ಹುಳ ಆಗಿವೆಯಂತೆ. ನೀರು ಚೆಲ್ಲಿ, ಗೋಡೆ ತಿಕ್ಕಿ, ಒಂದು ದಿನ ಒಣಗಲು ಬಿಡಬೇಕಂತೆ. ಚೆಲ್ಲಬೇಕಂತೆ! ಬಿಜಾಪುರದ ನೀರು ಕುಡಿದವರ ಬಾಯಲ್ಲಿ ಬರುವ ಮಾತೇ ಇದು? ನಳ ತನಗೆ ಮನಸ್ಸು ಬಂದಾಗ ಎರಡು ಸಲ ಕೆಮ್ಮಿ ಹೋಗುವ ಊರು. ಇಲ್ಲಿ ಊಟ ಮಾಡಿ ಕೈ ತೊಳೆದ ನೀರನ್ನೂ ತುಳಸಿಯ ಬುಡಕ್ಕೆ ಹಾಕುತ್ತಾರೆ. ಹೋಗಲಿ, ಔಷಧಿ ಹಾಕುತ್ತೇನೆ ಎಂದಳು. ಅದೂ ಬೇಡವೆಂದೆ. ಟಾಕಿಯ ನೀರನ್ನು ಯಾರೂ ಮುಟ್ಟಬಾರದು ಎಂಬುದು ಈ ಮನೆಯ ರೂಲು. ಎರಡು ವರ್ಷದಿಂದ ರೂಲು. ಹಸೀನಾಳಿಗೂ ಹೇಳಿದ್ದೇನೆ, ನೀರು ಕಡಿಮೆ ಬಿದ್ದರೆ ನನ್ನ ಬ್ಯಾರಲ್ಲಿನಿಂದ ಕೇಳಿ ತಗೋ, ಟಾಕಿಯೊಳಗೆ ಕೊಡ ಇಳಿಸಬೇಡ.

ನೀರಿನಲ್ಲಿ ಹುಳ ಇದೆ ಎಂದರೆ ನೀರಿಗೆ ಜೀವ ಇದೆ ಎಂದರ್ಥ. ನಮ್ಮಪ್ಪ ಬಾವಡಿಯ ನೀರನ್ನು ಧೋತರದಲ್ಲಿ ಸೋಸಿ ಕುಡಿದು ತೊಂಬತ್ತು ದಾಟಿದ. ಸರ್ವೈವಲ್ ಆಫ್ ದಿ ಫಿಟೆಸ್ಟ್ ಎಂದು ಬಿ.ಎ.ಯಲ್ಲಿ ಓದಿದ್ದೆ. ಯಾವ ಪೇಪರಿನಲ್ಲಿ ಎಂಬುದು ಮರೆತಿದೆ, ಫಿಟೆಸ್ಟ್ ಯಾರು ಎಂಬುದು ಮರೆತಿಲ್ಲ.

೨೭ ಅಕ್ಟೋಬರ್, ರವಿವಾರ

ದೀಪಾವಳಿಗೆ ಮನೆ ಸ್ವಚ್ಛ ಮಾಡಲು ಬಬಲೇಶ್ವರದಿಂದ ಮಹಾನಂದಾ ಬಂದಿದ್ದಾಳೆ. ಕಸ್ತೂರಿಯ ತಂಗಿ. ಹೆಂಡತಿ ಹೋದರೂ ಹೆಂಡತಿಯ ತಂಗಿ ಹಬ್ಬಕ್ಕೊಮ್ಮೆ ಕಸಬರಿಗೆ ಹಿಡಿದು ಬರುತ್ತಾಳೆ, ನಾನು ಧೂಳಿನಲ್ಲಿ ಇದ್ದೇನೋ ಧೂಳಾಗಿದ್ದೇನೋ ನೋಡಲು. ಉದ್ದ ಕೋಲಿಗೆ ಕಸಬರಿಗೆ ಕಟ್ಟಿ ಮೂಲೆಮೂಲೆಯ ಜೇಡರ ಬಲೆ ಹೊಡೆದಳು. ಟಾಕಿಯ ಮೇಲಿನ ಬಲೆಗೆ ಕೋಲು ಎತ್ತಿದಾಗ ನಾನು ಅಡ್ಡ ಹೋದೆ.

"ಅಂವನ್ನ ಬಿಡು. ಡ್ಯೂಟಿ ಮ್ಯಾಲೆ ಇದ್ದಾನ."

"ಯಾರ್ರಿ ಮಾಮಾ?"

"ಕಂಟ್ರೋಲರ್."

ಅವಳಿಗೆ ಅರ್ಥವಾಗಲಿಲ್ಲ. ಉದ್ದುದ್ದ ಕಾಲಿನ ಜೇಡ ಅದು. ನಾನು ಸರ್ವಿಸು ಪೂರ್ತಿ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕುಳಿತು ತಿಕೋಟಾ ಬಸ್ಸು, ಬಬಲೇಶ್ವರ ಬಸ್ಸು ಎಂದು ಮೈಕಿನಲ್ಲಿ ಒದರಿದವ. ಇದೂ ಹಾಗೆಯೇ ಒಂದೇ ಜಾಗದಲ್ಲಿ ಕುಳಿತು ಬಂದವರನ್ನೂ ಹೋದವರನ್ನೂ ನೋಡುತ್ತದೆ. ಸೊಳ್ಳೆ ಸಿಕ್ಕರೆ ಸುತ್ತಿ ಇಡುತ್ತದೆ. ಪಗಾರವಿಲ್ಲ, ಪ್ಲಾಸ್ಟಿಕ್ ಚೀಲವಿಲ್ಲ. ಮೀನು ಹಂಚುವವರು ಇದರ ಕಾಲು ತೊಳೆದು ನೀರು ಕುಡಿಯಬೇಕು. ಕಾಲು ಎಂಟು ಇವೆ, ಎಲ್ಲರಿಗೂ ಸಾಲುತ್ತವೆ.

ಆಮೇಲೆ ಮಹಾನಂದಾ ಟಾಕಿಯೊಳಗೆ ಇಣುಕಿದಳು. "ಇದ ಯಾವಾಗಿನ ನೀರ್ರಿ? ಅಕ್ಕ ನಳ ಬರೂ ದಿನಾ ಬೆಳಿಗ್ಗೇನ ತಳಾ ತಿಕ್ಕತಿದ್ಳು."

ನಾನು ಮಾತು ಬದಲಿಸಿ ಕರದಂಟಿನ ಮೇಲೆ ತಂದೆ.

ಯಾವಾಗಿನದಾದರೆ ಅವಳಿಗೇನು? ನಳ ಬಂದಾಗ ಆರಿ ಕಡಿಮೆಯಾದಷ್ಟನ್ನು ಮೇಲೆ ಸೇರಿಸುತ್ತೇನೆ. ಅಡಿಯದು ಅಡಿಯಲ್ಲೇ ಇದೆ. ಅದು ಎರಡು ವರ್ಷದ ಹಿಂದೆ ಕಸ್ತೂರಿ ತನ್ನ ಕೊನೆಯ ಗುರುವಾರ ಪೈಪು ಹಿಡಿದು ನಿಂತು ತುಂಬಿಸಿದ್ದು. ಶನಿವಾರ ಅವಳು ಇರಲಿಲ್ಲ. ನೀರಿಗೆ ನೀರು ಸೇರಿದರೆ ಕಲೆತುಹೋಗುತ್ತದೆ, ಮೇಲಿನದು ಕೆಳಗಿನದು ಎಂಬುದಿಲ್ಲ ಎಂದು ಸಾಲಿ ಹುಡುಗರೂ ಹೇಳುತ್ತಾರೆ. ನನಗೂ ಗೊತ್ತು. ಸೈನ್ಸ್ ಗೊತ್ತಿದ್ದವರೆಲ್ಲ ಟಾಕಿ ತೊಳೆಯಬೇಕೆಂದು ಎಲ್ಲೂ ಬರೆದಿಲ್ಲ.

೩ ನವೆಂಬರ್, ರವಿವಾರ

ಹಸೀನಾಳ ಮಗಳು ಸೈಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡ ಸಾದಿಕ ತಿಕೋಟಾದ ಒಂದು ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದಾನೆ. ಅವನೇ ಮೂರು ಗಾಲಿಯ ಟಂಟಂನಲ್ಲಿ ಕೂರಿಸಿಕೊಂಡು ಬಂದ. ಏಳು ತಿಂಗಳ ಬಸುರಿಯನ್ನು ಟಂಟಂನಲ್ಲಿ! ಬಸ್ಸು ಏನು ಸತ್ತಿದ್ದವೇ? ಹೇಳಿದೆ. ಹಲ್ಲು ಕಿಸಿದ.

ಹುಡುಗಿ ಚೀಲ ಇಳಿಸುವ ಮೊದಲೇ ನನ್ನ ಬಾಗಿಲಿಗೆ ಬಂದು, "ಕಾಕಾ, ಕಾಕಿ ಅರ್ಧಾ ಹೊಲದ ಇಟ್ಟಿದ್ದ ಕೌದಿ ಎಲ್ಲೈತ್ರಿ?" ಎಂದಳು. ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುವುದನ್ನು ಇವಳಿಗೆ ಕಲಿಸಿದವಳು ಕಸ್ತೂರಿ. ನಿನ್ನ ಮೊದಲ ಕೂಸಿಗೆ ಇದನ್ನೇ ಹಾಸುತ್ತೇನೆ ಎಂದು ಹೇಳಿಯೂ ಇದ್ದಳು. ಹೆಂಗಸರು ಹೇಳಬಾರದ ಜಾಗದಲ್ಲಿ ಮಾತು ಕೊಟ್ಟು ಹೋಗುತ್ತಾರೆ, ಗಂಡಸರು ಟ್ರಂಕು ಹುಡುಕಬೇಕು. ಹುಡುಕಿ ಕೊಟ್ಟೆ. ಡಾಂಬರ್ ಗುಳಿಗೆಯ ವಾಸನೆಗೆ ಸೀನಿದಳು.

ಈಗ ದಿನವಿಡೀ ಟಾಕಿಯ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕುಳಿತು ಹೊಲಿಯುತ್ತಾಳೆ. ಹೊಲಿಯುವುದಕ್ಕಿಂತ ಕಾಲು ತುರಿಸುವುದೇ ಹೆಚ್ಚು.

"ಹಾಡಹಗಲಾಗ ಕಡ್ಯಾಕತ್ತಾವ ನೋಡ್ರಿ ಕಾಕಾ. ಕಾಲಿಗೆ ಬಿಳಿ ಪಟ್ಟಿ ಅದಾವ."

"ಪಟ್ಟಾಪಟ್ಟಿ ಚೊಣ್ಣಾ ಹಾಕ್ಕೊಂಡ ತಿಕೋಟಾದಿಂದ ನಿನ್ನ ಸಂಗಾಟನ ಬಂದಿರಬೇಕು."

ನಕ್ಕಳು. ನಗುವಾಗ ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ, ಒಳಗಿನದು ಬಿದ್ದುಹೋಗುತ್ತದೆ ಎಂಬಂತೆ.

೧೪ ನವೆಂಬರ್, ಗುರುವಾರ

ಪೇಪರಿನಲ್ಲಿ ಅರ್ಧ ಪುಟ ಬರೆದಿದ್ದಾರೆ. ಜಗತ್ತು ಬಿಸಿಯಾಗುತ್ತಿದೆಯಂತೆ. ಬಿಸಿ ಹೆಚ್ಚಿದರೆ ಮೊಟ್ಟೆ ಬೇಗ ಸೊಳ್ಳೆಯಾಗುತ್ತದೆ, ಸೊಳ್ಳೆಯ ಹೊಟ್ಟೆಯೊಳಗಿನ ರೋಗವೂ ಬೇಗ ಬಲಿಯುತ್ತದೆ, ಚಳಿಗಾಲ ಗಿಡ್ಡವಾದಷ್ಟು ಸೊಳ್ಳೆಯ ಕಾಲ ಉದ್ದವಾಗುತ್ತದೆ ಎಂದೆಲ್ಲ. ಬಿಜಾಪುರದವರಿಗೆ ಬಿಸಿಲಿನ ಪಾಠ! ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಲು ಬಂದಿದ್ದಾರೆ. ನಮ್ಮ ಮೇ ತಿಂಗಳ ಬಿಸಿಲಿಗೆ ಸೊಳ್ಳೆ, ನೊಣ, ಬೀಗರು ಮೂವರೂ ಊರು ಬಿಡುತ್ತಿದ್ದರು. ಚಳಿಗೆ ಉಳಿದವು ಸಾಯುತ್ತಿದ್ದವು. ಇದು ಸೊಳ್ಳೆ ಬದುಕುವ ಊರೇ ಅಲ್ಲ.

ಸ್ವೆಟರ್ ಇನ್ನೂ ಟ್ರಂಕಿನಲ್ಲೇ ಇದೆ, ಅದು ಬೇರೆ ಮಾತು. ದೀಪಾವಳಿ ಮುಗಿದರೂ ಫ್ಯಾನು ನಿಲ್ಲಿಸಿಲ್ಲ. ಮೊನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆಯೂ ಬಂತು. ಜೋಳದವರು ಬೈದರು, ದ್ರಾಕ್ಷಿಯವರು ಎದೆ ಬಡಿದುಕೊಂಡರು. ನಳದಲ್ಲಿ ಬಾರದ್ದು ಆಕಾಶದಿಂದ ಬೇಡದಾಗ ಬರುತ್ತದೆ.

ರೇಣುಕಾ ಮತ್ತೆ ಬಂದಳು. "ಬಸರಿ ಹೆಂಗಸು ಮನ್ಯಾಗ ಅದಾಳ್ರಿ ಕಾಕಾ, ಸ್ವಲ್ಪ ಮನಸ್ ಮಾಡ್ರಿ" ಎಂದಳು. "ಇನ್ ಸ್ಪೈಟ್ ಆಫ್..." ಎಂದು ಗಟ್ಟಿಯಾಗಿ ಶುರು ಮಾಡಿದೆ. ಅದರ ಮುಂದೆ ಏನು ಬರುತ್ತದೆ ನೆನಪಾಗಲಿಲ್ಲ. ಆದರೂ ಅವಳು ಹೋದಳು. ಇಂಗ್ಲಿಷು ಅರ್ಧ ಇದ್ದರೂ ಕೆಲಸ ಪೂರ್ತಿ ಮಾಡುತ್ತದೆ.

೧೮ ನವೆಂಬರ್, ಸೋಮವಾರ

ಸಂಜೆ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಓಣಿಯಲ್ಲಿ ಹಾದುಹೋಯಿತು. ಬಾಗಿಲು ಹಾಕಿಕೊಂಡು ಎಲ್ಲರೂ ಒಳಗೆ, ಸೊಳ್ಳೆಗಳೂ ನಮ್ಮ ಜೊತೆಗೇ ಒಳಗೆ. ಹೊರಗೆ ಇದ್ದವನು ಕಂಟ್ರೋಲರ್ ಒಬ್ಬನೇ. ಹೊಗೆ ತಿಳಿಯಾದ ಮೇಲೆ ನೋಡಿದರೆ ಕಾಲು ಮಡಚಿಕೊಂಡು ಬಲೆಯಲ್ಲೇ ಜೋತುಬಿದ್ದಿತ್ತು. ಡ್ಯೂಟಿ ಮೇಲೆ ಸತ್ತವರಿಗೆ ಸಿಗುವ ಹಣ ಇದಕ್ಕೆ ಯಾರೂ ಕೊಡುವುದಿಲ್ಲ. ಕಡ್ಡಿಯಿಂದ ತೆಗೆದು ತುಳಸಿಯ ಬುಡಕ್ಕೆ ಹಾಕಿದೆ.

೨೨ ನವೆಂಬರ್, ಶುಕ್ರವಾರ

ಸೈಮಾಳಿಗೆ ಜ್ವರ. ಎರಡು ದಿನದಿಂದ ಇದೆಯಂತೆ. ಹಸೀನಾ ನನಗೆ ಹೇಳಿರಲಿಲ್ಲ, ನಾನೇನು ಡಾಕ್ಟರೇ?

ಓಣಿಯ ಹೆಂಗಸರೆಲ್ಲ ಡಾಕ್ಟರಾಗಿದ್ದಾರೆ. ಒಬ್ಬಳು ಆಡಿನ ಹಾಲು ಎಂದಳು, ಒಬ್ಬಳು ಕಿವಿ ಹಣ್ಣು ಎಂದಳು, ಮತ್ತೊಬ್ಬಳು ಪಪ್ಪಾಯಿ ಎಲೆ ಅರೆದು ರಸ ತಂದೇಬಿಟ್ಟಳು. ಬಸುರಿಗೆ ಪಪ್ಪಾಯಿ! ಬಟ್ಟಲು ಕಸಿದು ಗಟಾರಕ್ಕೆ ಸುರಿದೆ.

"ಯಾಕ್ರಿ ಅಣ್ಣಾ ಹಿಂಗ ಮಾಡ್ತೀರಿ?" ಎಂದು ಹಸೀನಾ ಅತ್ತಳು.

"ದವಾಖಾನಿಗೆ ನಡೀ ಬೇ! ಫೋನಿನಾಗ ಬಂದ ಔಷಧಕ್ಕ ಮಗಳನ್ನ ಕೊಡ್ತೀಯೇನು?"

ಆಟೋದವ ಸಾವಕಾಶ ಬಂದ. ಅವನಿಗೂ ಬೈದೆ. ದವಾಖಾನೆಯಲ್ಲಿ ಹೊದಿಕೆ ಇಲ್ಲ, ಫ್ಯಾನಿಗೆ ಸ್ವಿಚ್ಚಿಲ್ಲ, ಕುರ್ಚಿಗೆ ಕಾಲಿಲ್ಲ. ಸೈಮಾಳ ಕೈಗೆ ಸಲಾಯಿನ್ ಹಚ್ಚಿದರು. ಕಣ್ಣು ತೆರೆದು, "ಕೌದಿ ಒಂದ ಮೂಲಿ ಉಳದೈತ್ರಿ ಕಾಕಾ" ಎಂದಳು. ಜ್ವರದಲ್ಲಿ ಮಂದಿ ಏನೇನೋ ಮಾತಾಡುತ್ತಾರೆ.

೨೪ ನವೆಂಬರ್, ರವಿವಾರ

ಡೆಂಗಿಯೇ. ಪ್ಲೇಟ್ಲೆಟ್ ಇಳಿಯುತ್ತಿದೆ. ಡಾಕ್ಟರು ನಮ್ಮನ್ನು ಕರೆದು, ತಾಯಿಗೂ ಕಷ್ಟ, ಕೂಸಿಗೂ ಕಷ್ಟ, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು, ಆದರೆ ರಕ್ತ ನಿಲ್ಲುವುದು ತೊಂದರೆ ಎಂದರು. ಸಾದಿಕ ಗೋಡೆಗೆ ಒರಗಿ ಕೆಳಗೆ ಕುಳಿತುಬಿಟ್ಟ. ಏಳೋ, ಗಂಡಸೇ ಅಲ್ಲವೇ ನೀನು, ಎಂದೆ. ಏಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಹಸೀನಾ ನನ್ನ ಕಡೆ ತಿರುಗಿದಳು. ಕೂಗಲಿಲ್ಲ. ಕೂಗಿದ್ದರೆ ಉತ್ತರ ಕೊಡುತ್ತಿದ್ದೆ.

"ಕಸ್ತೂರಿ ವೈನಿ ಇದ್ದಾಗ ನಾವೆಲ್ಲಾ ಆ ಟಾಕ್ಯಾಗ ಕೊಡ ಇಳಸ್ತಿದ್ವಿ. ನಾಕ ದಿನದಾಗ ತಳಾ ಕಾಣ್ತಿತ್ತು. ತಳಾ ಕಂಡ ಕೂಡ್ಲೆ ತಿಕ್ಕಿ ಹೊಸಾ ನೀರ ತುಂಬಸ್ತಿದ್ರು. ನೀವು ಮುಚ್ಚಿ ಇಟ್ರಿ. ಯಾರಿಗೂ ಕೊಡಲಿಲ್ಲ. ಈಗ ವೈನಿ ನೀರ ಗುಂಗಾಡಿ ಕುಡ್ಯಾಕತ್ತಾವ ಅಣ್ಣಾ, ನನ್ನ ಮಗಳ ರಗತಾನೂ ಕುಡ್ಯಾಕತ್ತಾವ."

ಬಾಯಿ ಇದ್ದವರು ಏನು ಬೇಕಾದರೂ ಅನ್ನಬಹುದು. ಎವಿಡೆನ್ಸ್ ಎಲ್ಲಿದೆ? ಸೊಳ್ಳೆಯ ಕೊರಳಲ್ಲಿ ಮನೆ ನಂಬರ್ ಇರುತ್ತದೆಯೇ? ಓಣಿಯ ತುದಿಯ ಪಂಕ್ಚರ್ ಅಂಗಡಿಯ ಟೈರುಗಳಲ್ಲಿ ಮಳೆ ನೀರು ನಿಂತಿದೆ. ಅವಳದೇ ಮಾಳಿಗೆಯ ಮೇಲೆ ಕೂಲರ್ ಬಾಯಿ ತೆರೆದು ಬಿದ್ದಿದೆ. ಹುಡುಗಿ ತಿಕೋಟಾದಿಂದಲೇ ರೋಗ ತಂದಿರಬಹುದು, ಅಲ್ಲಿ ತೋಟಕ್ಕೊಂದು ಹೊಂಡ. ಗಟಾರ ಬಿಟ್ಟು ನನ್ನ ಟಾಕಿಯೇ ಬೇಕೇ? ನನ್ನದು ಒಳ್ಳೆಯ ನೀರು. ಒಳ್ಳೆಯ ನೀರಿನಲ್ಲಿ ಕೆಟ್ಟದ್ದು ಹುಟ್ಟುವುದಿಲ್ಲ.

ಪ್ರೂವ್ ಮಾಡಿ ತೋರಿಸುತ್ತೇನೆ. ಟಾಕಿಯಿಂದ ಒಂದು ಗ್ಲಾಸು ನೀರು ತೆಗೆದು, ಹುಳಗಳ ಸಮೇತ, ಮೇಲೆ ತೆಳ್ಳನೆಯ ಅರಿವೆ ಕಟ್ಟಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಹುಳ ಹುಳವಾಗಿಯೇ ಇರುತ್ತದೆ. ಗ್ಲಾಸನ್ನು ದವಾಖಾನೆಗೆ ಒಯ್ದು ಹಸೀನಾಳ ಮುಂದೆ ಇಡುತ್ತೇನೆ.

೨೬ ನವೆಂಬರ್, ಮಂಗಳವಾರ

ಗ್ಲಾಸಿನಲ್ಲಿ ಒಂದು ಸೊಳ್ಳೆ, ಅರಿವೆಗೆ ತಲೆಕೆಳಗಾಗಿ ಕುಳಿತಿದೆ. ಪಟ್ಟಾಪಟ್ಟಿ ಚೊಣ್ಣ ಹಾಕಿಕೊಂಡಿದೆ.

೨೭ ನವೆಂಬರ್, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

೨೯ ನವೆಂಬರ್, ಶುಕ್ರವಾರ

ಮೈ ಪೂರ್ತಿ ನೋಯುತ್ತಿದೆ. ಈ ವಯಸ್ಸಿನಲ್ಲಿ ಕೆಲಸವಿಲ್ಲದವರು ಹೀಗೆಯೇ ಕೆಲಸ ಹುಡುಕಿಕೊಳ್ಳುತ್ತಾರೆ.

ನಿನ್ನೆ ನಸುಕಿನಲ್ಲೇ ಟಾಕಿಯ ತಗಡು ತೆಗೆದು ಪಕ್ಕಕ್ಕೆ ನಿಲ್ಲಿಸಿದೆ. ಚೆಲ್ಲುವ ಮಾತಿಲ್ಲ. ನಾನು ಬಿಜಾಪುರದವ. ಧೋತರ ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತ ಹೋದೆ. ಅರಿವೆಯ ಮೇಲೆ ಹುಳಗಳು ಕುಣಿದವು. ಅಂಗಳದ ಬಿಸಿಲಿನ ಕಲ್ಲಿನ ಮೇಲೆ ಹರವಿದೆ. ಐದು ನಿಮಿಷ ಕುಣಿದು ಸುಮ್ಮನಾದವು. ಬಿಜಾಪುರದ ಬಿಸಿಲು ಇಷ್ಟಾದರೂ ಕೆಲಸಕ್ಕೆ ಬಂತು.

ಮೊದಲ ಕೊಡ ತುಳಸಿಗೆ. ಆಮೇಲಿನವು ಬೇವಿಗೆ. ಗಿಡ ಎಷ್ಟು ಕುಡಿದೀತು? ನೀರು ಇನ್ನೂ ಮೊಣಕಾಲುದ್ದ ಇತ್ತು. ಆಗ ಹಸೀನಾಳ ಪಡಸಾಲೆಯಲ್ಲಿ ಆ ಕೌದಿ ಕಂಡಿತು, ಸೂಜಿ ಚುಚ್ಚಿದಂತೆಯೇ ಬಿದ್ದಿತ್ತು. ಡಾಂಬರ್ ಗುಳಿಗೆಯ ವಾಸನೆಯ ಕೌದಿಯಲ್ಲಿ ಎಳೆ ಕೂಸನ್ನು ಮಲಗಿಸುತ್ತಾರೆಯೇ? ಈ ಹೆಂಗಸರಿಗೆ ಯಾವುದೂ ಹೊಳೆಯುವುದಿಲ್ಲ. ಸೂಜಿ ತೆಗೆದಿಟ್ಟು, ಟಾಕಿಯ ನೀರಲ್ಲೇ ನೆನೆಸಿ, ಸೋಪು ಹಚ್ಚಿ, ಕಟ್ಟೆಯ ಮೇಲೆ ತುಳಿದು ತೊಳೆದೆ. ಕೌದಿ ನೀರು ಕುಡಿದರೆ ಎಮ್ಮೆಯಷ್ಟು ಭಾರ. ಹಿಂಡಲು ಇನ್ನೊಂದು ಜೊತೆ ಕೈ ಬೇಕು. ಇರಲಿಲ್ಲ. ಒಂದು ತುದಿಯನ್ನು ಬೇವಿನ ಟೊಂಗೆಗೆ ಕಟ್ಟಿ ಇನ್ನೊಂದು ತುದಿ ನಾನು ತಿರುವಿದೆ. ಆಮೇಲೆ ಹಸೀನಾಳ ಮನೆಯ ಉಳಿದ ಹಾಸಿಗೆ ಅರಿವೆಗಳನ್ನೂ ತಂದು ಹಾಕಿದೆ. ಸಂಜೆಗೆ ಟಾಕಿಯ ತಳ ಕಂಡಿತು. ತಳದಲ್ಲಿ ಒಂದು ಬಳೆಯ ಚೂರು ಇತ್ತು, ಹಸಿರು ಬಳೆ.

ಒಳಗೆ ಇಳಿದು ಗೋಡೆ ತಿಕ್ಕಿದೆ. ತೆಂಗಿನ ನಾರು, ಇಟ್ಟಿಗೆಯ ಪುಡಿ. ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿ ಕೂರುತ್ತವೆ, ನೀರಿಲ್ಲದೆಯೂ ತಿಂಗಳುಗಟ್ಟಲೆ ಕಾಯುತ್ತವೆ ಎಂದು ಪೇಪರಿನವ ಬರೆದಿದ್ದ. ಪೇಪರಿನವರೂ ಅಪರೂಪಕ್ಕೆ ಸರಿ ಬರೆಯುತ್ತಾರೆ.

ಬಳೆಯ ಚೂರು ಜೇಬಿನಲ್ಲೇ ಉಳಿದಿದೆ. ಅಂಗಿ ಒಗೆಯುವ ಮೊದಲು ತೆಗೆಯಬೇಕು.

೨ ಡಿಸೆಂಬರ್, ಸೋಮವಾರ

ನಿನ್ನೆ ಹೆರಿಗೆಯಾಯಿತು. ಹೆಣ್ಣು ಕೂಸು, ಬೆಕ್ಕಿನ ಮರಿಯಷ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸೈಮಾಳಿಗೆ ರಕ್ತ ಬಹಳ ಹೋಗಿದೆ. ಸಾದಿಕ ತೋಟದ ಹುಡುಗರನ್ನೆಲ್ಲ ಕರೆತಂದು ರಕ್ತ ಕೊಡಿಸಿದ. ನಾನೂ ಅಂಗಿಯ ತೋಳು ಮಡಚಿ ನಿಂತೆ. "ಅಜ್ಜಾರ, ನಿಮಗ ವಯಸ್ಸಾಗೇತಿ" ಎಂದು ರಕ್ತ ತೆಗೆಯುವ ಹುಡುಗಿ ನಕ್ಕಳು. ವಯಸ್ಸಾದವರ ರಕ್ತ ಏನು ಹುಳಿಯಾಗಿರುತ್ತದೆಯೇ?

ಕೌದಿ ಒಯ್ದಿದ್ದೆ. ಹಸೀನಾ ಅದನ್ನು ಮೂಗಿಗೆ ಹಿಡಿದಳು.

"ಬಿಸಲ ವಾಸನಿ ಬರಾಕತ್ತೈತಿ. ಯಾರ ಒಗದ್ರಿ?"

"ಅಗಸರಂವಗ ಕೊಟ್ಟಿದ್ನಿ."

"ಇಷ್ಟ ನೀರ ಎಲ್ಲೀದ್ರಿ ಅಣ್ಣಾ? ನಳ ಬಂದಿಲ್ಲಲ್ಲ."

ನಾನು ಡಾಕ್ಟರನ್ನು ಹುಡುಕಬೇಕೆಂದು ಎದ್ದು ಬಂದೆ.

೧೧ ಡಿಸೆಂಬರ್, ಬುಧವಾರ

ಸೈಮಾ ಎದ್ದು ಕುಳಿತಳು. ಪ್ಲೇಟ್ಲೆಟ್ ಏರಿದೆ. ಕೂಸು ಪೆಟ್ಟಿಗೆಯಿಂದ ಹೊರಬಂದಿದೆ. ಮುಖ ನೋಡಿದರೆ ಸರಕಾರಿ ನೌಕರರ ಹಾಗೆ, ಎಲ್ಲದರ ಮೇಲೂ ಸಿಟ್ಟು. ಇನ್ನೂ ಕೆಲವು ದಿನ ದವಾಖಾನೆಯಲ್ಲೇ ಇಟ್ಟುಕೊಳ್ಳುತ್ತಾರಂತೆ.

೨೦ ಡಿಸೆಂಬರ್, ಶುಕ್ರವಾರ

ರೇಣುಕಾಳ ಹತ್ತಿರ ಮೀನು ಮುಗಿದಿವೆಯಂತೆ. ಬೇಡವೆಂದಾಗ ಬಾಗಿಲಿಗೆ ತರುತ್ತಾರೆ, ಬೇಕೆಂದಾಗ ಸ್ಟಾಕ್ ಇಲ್ಲ. ಸಾದಿಕ ತನ್ನ ಮಾಲಕರ ತೋಟದ ಹೊಂಡದಲ್ಲಿ ಬೇಕಾದಷ್ಟಿವೆ ಎಂದ. ತಿಕೋಟಾಕ್ಕೆ ಹೋದೆ. ಹಿಂದಿರುಗುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಚೀಲ, ಚೀಲದಲ್ಲಿ ನೀರು, ನೀರಿನಲ್ಲಿ ಅವು. ಕಂಡಕ್ಟರ್ ನನ್ನ ಕಾಲದವನೇ, ಬೇಕೆಂದೇ ದೊಡ್ಡ ದನಿ ತೆಗೆದ.

"ಕಂಟ್ರೋಲರ್ ಸಾಹೇಬ್ರ, ಯಾವಾಗಿಂದ ಚಾಲೂ ಮಾಡಿದ್ರಿ? ಸಾರಿಗೋ, ಹುರ್ಯಾಕೋ?"

ಇಡೀ ಬಸ್ಸು ನಕ್ಕಿತು. ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಮೀನು. "ಇವು ನೌಕರಿಗೆ ಹೊಂಟಾವ" ಎಂದೆ. "ಹಾಂಗಾದ್ರ ಪಾಸ್ ಎಲ್ಲೈತ್ರಿ?" ಎಂದ. ಬಾಯಿಬಡುಕ. ತೊರವಿ ದಾಟುವವರೆಗೂ ಅದನ್ನೇ ಹೇಳಿ ನಗಿಸಿದ. ಗುಂಡಿ ಬಂದಾಗಲೆಲ್ಲ ನಾನು ಚೀಲ ಎತ್ತಿ ಹಿಡಿದೆ. ಸತ್ತರೆ ಮತ್ತೆ ಬರಬೇಕಲ್ಲ.

ನಳ ಬರುವವರೆಗೆ ಅವನ್ನು ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ದೇವರ ಕೋಣೆಯಿಂದ ದೂರ, ಆದರೆ ಬೆಕ್ಕಿನಿಂದಲೂ ದೂರ ಇರಬೇಕಲ್ಲ. ಕೊನೆಗೆ ಮಂಚದ ಪಕ್ಕದಲ್ಲೇ ಜಾಗ ಸಿಕ್ಕಿತು.

೩೦ ಡಿಸೆಂಬರ್, ಸೋಮವಾರ, ಎಳ್ಳಮಾಸಿ

ಎಳ್ಳಮಾಸಿಯಾದರೂ ಚಳಿ ಇಲ್ಲ. ಮಂದಿ ಬನಿಯನ್ ಮೇಲೆ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದರು. ಮಹಾನಂದಾ ಬಬಲೇಶ್ವರದಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದಾಳೆ, ಎರಡು ಮನೆಗೂ. ಹಿಂಡಿಗೆ ಉಪ್ಪು ಹೆಚ್ಚು.

ಸೈಮಾ ಕೂಸಿನೊಂದಿಗೆ ಮೊನ್ನೆ ಮನೆಗೆ ಬಂದಳು. ಕೂಸಿನದು ದನಿಯಲ್ಲ, ಬಸ್ ಸ್ಟ್ಯಾಂಡಿನ ಮೈಕು.

ಇಷ್ಟು ದಿನ ಬ್ಯಾರಲ್ಲಿಗಷ್ಟೇ ಸಾಲುತ್ತಿದ್ದ ನಳ ಬೆಳಿಗ್ಗೆ ಜೋರಾಗಿ ಬಂತು. ಮೊದಲು ಪೈಪನ್ನು ಬ್ಯಾರಲ್ಲಿಗೆ ಹಿಡಿದೆ. ಆಮೇಲೆ ಟಾಕಿಗೆ. ಕಸ್ತೂರಿ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಬೇಕಾಯಿತು, ಪೈಪು ಅಷ್ಟೇ ಉದ್ದ ಇದೆ. ಅರ್ಧ ತುಂಬಿದ ಮೇಲೆ ಮೀನು ಬಿಟ್ಟೆ. ಶುದ್ಧ ಬುದ್ಧಿಗೇಡಿ ಪ್ರಾಣಿಗಳು. ನನ್ನ ನೆರಳು ಬಿದ್ದರೆ ಸಾಕು, ರೊಟ್ಟಿಯ ಚೂರು ಬಂತೆಂದು ಮೇಲೆ ಬರುತ್ತವೆ. ಮರಿ ತಿನ್ನಬೇಕಾದವರಿಗೆ ರೊಟ್ಟಿಯ ರುಚಿ ಹಚ್ಚಿದವರು ಯಾರೋ.

ಬೇವಿನ ಟೊಂಗೆಗೂ ಗೋಡೆಗೂ ನಡುವೆ ಹೊಸ ಬಲೆ ಬಿದ್ದಿದೆ. ಇವನು ಹೊಸಬ, ಕೆಲಸ ಇನ್ನೂ ಕಲಿಯಬೇಕು.

ನಾನು ತಗಡು ಮುಚ್ಚಲು ಹೋಗುವಷ್ಟರಲ್ಲಿ ಹಸೀನಾ ಕೊಡ ಹಿಡಿದು ಬಂದಳು. ಕೂಸಿಗೆ ಎರೆಯಲು ನೀರು ಕಾಯಿಸಬೇಕಂತೆ. ಬ್ಯಾರಲ್ಲಿನ ಕಡೆ ಹೋಗಲಿಲ್ಲ. ಟಾಕಿಯ ಕಟ್ಟೆಗೆ ಬಂದು, ಕೈಯಿಂದ ಮೀನುಗಳನ್ನು ಆಚೆ ಸರಿಸಿ, ಕೊಡ ಇಳಿಸಿ ತುಂಬಿಕೊಂಡು ಸೊಂಟಕ್ಕೆ ಇಟ್ಟುಕೊಂಡು ನಡೆದಳು. ಕೇಳಲಿಲ್ಲ.

ಕಸ್ತೂರಿ ಇದ್ದಾಗಲೂ ಕೇಳುತ್ತಿರಲಿಲ್ಲ.